ಕೆರೆ ದಂಡೆಯ ಕೊಲೆಗಾರ: ಕ್ಯಾಂಪ್ ಸ್ಲ್ಯಾಷರ್‌ಗಳನ್ನು ಕೂತು ನೋಡಬೇಕಾ?

ಬೇಸಿಗೆ ಶಿಬಿರ, ಕಾಡು, ಕೆರೆ, ಕತ್ತಿ ಹಿಡಿದು ಬರುವ ಯಾರೋ ಒಬ್ಬರು. 1980ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಕಡಿಮೆ ದುಡ್ಡಿನಲ್ಲಿ ಇಂಥ ಸಿನಿಮಾಗಳು ಸಾಲಾಗಿ ಬಂದವು. ಒಬ್ಬೊಬ್ಬರನ್ನೇ ಕೊಲ್ಲುತ್ತಾ ಹೋಗುವ ಈ ಬಗೆಗೆ ಕ್ಯಾಂಪ್ ಸ್ಲ್ಯಾಷರ್ ಅಂತ ಹೆಸರು. ಅವುಗಳನ್ನು ಇವತ್ತು ನೋಡುವುದರಲ್ಲಿ ಅರ್ಥ ಇದೆಯಾ? ಇಬ್ಬರು ಬರೆದಿದ್ದಾರೆ. ಕಥೆಯ ಗುಟ್ಟುಗಳು ಎರಡರಲ್ಲೂ ಬಯಲಾಗಿವೆ.

ಪರ: ದುಡ್ಡಿರಲಿಲ್ಲ, ಕಿವಿ ಇತ್ತು

ನಾನು ಸಿನಿಮಾಗಳಿಗೆ ಸೌಂಡ್ ಮಾಡುವವನು. ಬೆಂಗಳೂರಿನಲ್ಲಿ 19 ವರ್ಷದಿಂದ ಇದೇ ಕೆಲಸ. ಈ ಕೆಲಸಕ್ಕೆ ನನ್ನನ್ನು ಎಳೆದದ್ದೇ ಒಂದು ಕ್ಯಾಂಪ್ ಸ್ಲ್ಯಾಷರ್.

1997ರಲ್ಲಿ ವಿಜಯನಗರದ ಒಂದು ವಿಡಿಯೊ ಲೈಬ್ರರಿಯಿಂದ 1980ರ 'ಫ್ರೈಡೇ ದ ಥರ್ಟೀನ್ತ್' ಸಿನಿಮಾದ ಕ್ಯಾಸೆಟ್ ತಂದೆ. ಎಷ್ಟೋ ಜನ ತಿರುಗಿಸಿ ತಿರುಗಿಸಿ ಸವೆದುಹೋಗಿದ್ದ ಕ್ಯಾಸೆಟ್ ಅದು. ಪರದೆ ತುಂಬಾ ಗೆರೆ, ರಾತ್ರಿಯ ದೃಶ್ಯಗಳೆಲ್ಲ ಬರೀ ಕಪ್ಪು. ರಕ್ತ ಕಾಣಿಸಲೇ ಇಲ್ಲ. ಆದರೂ ನಾನು ಮತ್ತು ನನ್ನ ಅಣ್ಣ ಲೈಟ್ ಹಾಕಿಕೊಂಡೇ ಮಲಗಿದೆವು. ಏನೂ ಕಾಣದ ಸಿನಿಮಾ ನಮ್ಮನ್ನು ಅಷ್ಟು ಹೆದರಿಸಿದ್ದು ಹೇಗೆ ಅನ್ನುವ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ.

ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಆ ಸಿನಿಮಾದ ಸಂಗೀತ ಹ್ಯಾರಿ ಮ್ಯಾನ್‌ಫ್ರೆಡಿನಿ ಅವರದು. ಅವರು ಒಂದು ನಿಯಮ ಹಾಕಿಕೊಂಡಿದ್ದರು: ಕೊಲೆಗಾರ ಹತ್ತಿರ ಇದ್ದಾಗ ಮಾತ್ರ ಸಂಗೀತ. ಯಾರೋ ಸುಮ್ನೆ ತಮಾಷೆಗೆ ಹೆದರಿಸಿದರೆ ಸಂಗೀತ ಇಲ್ಲ. ನೋಡುವವನಿಗೆ ಈ ನಿಯಮ ಯಾರೂ ಹೇಳಿಕೊಡುವುದಿಲ್ಲ, ಆದರೆ ಅರ್ಧ ಗಂಟೆಯಲ್ಲಿ ಕಿವಿ ಅದನ್ನು ಕಲಿತುಬಿಡುತ್ತದೆ. ಆಮೇಲೆ ಪರದೆಯ ಮೇಲೆ ಬರೀ ಮರ, ಬರೀ ಕಿಟಕಿ ಇದ್ದರೂ ಸಾಕು, ಸದ್ದು ಬಂದ ತಕ್ಷಣ ಬೆನ್ನು ತಣ್ಣಗಾಗುತ್ತದೆ. ಎಲ್ಲರಿಗೂ ಗೊತ್ತಿರುವ ಆ 'ಕಿ ಕಿ ಕಿ, ಮ ಮ ಮ' ಇದೆಯಲ್ಲ, ಅದಕ್ಕೆ ವಾದ್ಯವೇ ಇಲ್ಲ. 'ಕಿಲ್ ಹರ್, ಮಮ್ಮಿ' (ಅವಳನ್ನು ಕೊಲ್ಲು, ಅಮ್ಮಾ) ಅನ್ನುವ ಇಂಗ್ಲಿಷ್ ಮಾತಿನಿಂದ ಎರಡು ಅಕ್ಷರ ಕಿತ್ತುಕೊಂಡು, ಮೈಕ್ ಮುಂದೆ ತಾವೇ ಹೇಳಿ, ಅದಕ್ಕೆ ಎಕೋ ಕೊಟ್ಟರು, ಅಷ್ಟೇ. ಕೊಲೆ ಮಾಡುತ್ತಿರುವುದು ಯಾರು, ಯಾಕೆ ಅನ್ನುವುದು ಮೊದಲ ರೀಲಿನಿಂದಲೇ ನಮ್ಮ ಕಿವಿಗೆ ಬೀಳುತ್ತಿತ್ತು. ನಾವು ಕೇಳಿಸಿಕೊಂಡಿರಲಿಲ್ಲ.

ಈ ಸಿನಿಮಾಕ್ಕೆ ಖರ್ಚಾದದ್ದು ಸುಮಾರು 5.5 ಲಕ್ಷ ಡಾಲರ್. ಅಮೆರಿಕ ಒಂದರಲ್ಲೇ ಬಂದದ್ದು 4 ಕೋಟಿ ಡಾಲರಿಗೆ ಹತ್ತಿರ. ಜನ ಈ ಗಳಿಕೆಯ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮುಖ್ಯ ಆ 5.5 ಲಕ್ಷ. ನಿರ್ದೇಶಕ ಶಾನ್ ಕನ್ನಿಂಗ್‌ಹ್ಯಾಮ್ ಹತ್ತಿರ ಸೆಟ್ ಹಾಕುವಷ್ಟು ದುಡ್ಡಿರಲಿಲ್ಲ. ಹಾಗಾಗಿ ನ್ಯೂಜೆರ್ಸಿಯ ಕ್ಯಾಂಪ್ ನೋ-ಬಿ-ಬಾಸ್ಕೋ ಎಂಬ ನಿಜವಾದ ಸ್ಕೌಟ್ ಶಿಬಿರದಲ್ಲಿ, 1979ರಲ್ಲಿ ಬೇಸಿಗೆ ಮುಗಿದು ಮಕ್ಕಳು ಮನೆಗೆ ಹೋದ ಮೇಲೆ ಶೂಟಿಂಗ್ ಮಾಡಿದರು. ಕಥೆ ನಡೆಯುವುದೂ ಮಕ್ಕಳು ಬರುವುದಕ್ಕೆ ಮುಂಚೆ, ಶಿಬಿರ ಸಿದ್ಧ ಮಾಡಲು ಬಂದ ಏಳೆಂಟು ಜನರ ಮಧ್ಯೆ. ನೂರು ಮಕ್ಕಳನ್ನು ಕರೆಸಿ ಊಟ ಹಾಕುವ ತಲೆನೋವು ತಪ್ಪಿತು. ಜೊತೆಗೆ ಇನ್ನೊಂದು ಲಾಭ ಆಯಿತು. ಮಕ್ಕಳ ಗಲಾಟೆ ತುಂಬಿರಬೇಕಾದ ಜಾಗ ಖಾಲಿ ಹೊಡೆಯುತ್ತಿದ್ದರೆ ಅದಕ್ಕಿಂತ ಭಯ ಬೇಕಾ?

ಕೊಲೆಗಾರನ ಕಣ್ಣಿನಿಂದಲೇ ಕ್ಯಾಮೆರಾ ನಡೆಯುವುದು ಕೂಡ ಹಾಗೇ. ಮುಖ ತೋರಿಸದಿದ್ದರೆ ಕೊನೆಯ ತನಕ ಆ ಪಾತ್ರಕ್ಕೆ ನಟರೇ ಬೇಡ. ಎಷ್ಟೋ ಕಡೆ ನಾವು ನೋಡುವ ಕೊಲೆಗಾರನ ಕೈ ಮೇಕಪ್ ಸಹಾಯಕ ಟಾಸೊ ಸ್ಟಾವ್ರಾಕಿಸ್ ಅವರದು. ಆಗಿನ್ನೂ ಅಷ್ಟು ಹೆಸರಿಲ್ಲದ ನಟ ಕೆವಿನ್ ಬೇಕನ್ ಗಂಟಲಿಗೆ ಬಾಣ ತೂರುವ ದೃಶ್ಯ ನೆನಪಿದೆಯಾ? ಮಂಚದಲ್ಲಿ ತೂತು ಮಾಡಿ ಬೇಕನ್ ತಲೆ ಮಾತ್ರ ಮೇಲೆ ಬರುವ ಹಾಗೆ ಕೂರಿಸಿದ್ದರು. ಕುತ್ತಿಗೆ, ಎದೆ ಎಲ್ಲ ಮೇಕಪ್ ಕಲಾವಿದ ಟಾಮ್ ಸಾವಿನಿ ಮಾಡಿದ ನಕಲಿ. ಶಾಟ್ ಮಧ್ಯದಲ್ಲಿ ರಕ್ತದ ಪಂಪಿನ ಕೊಳವೆ ಕಿತ್ತುಬಂತು. ಮಂಚದ ಕೆಳಗಿದ್ದ ಸ್ಟಾವ್ರಾಕಿಸ್ ಕೊಳವೆಯನ್ನು ಬಾಯಿಗಿಟ್ಟು ಊದಿದರು. ಪರದೆಯ ಮೇಲೆ ಗುಳುಗುಳು ಅಂತ ಉಕ್ಕುವ ರಕ್ತ ಒಬ್ಬ ಮನುಷ್ಯನ ಉಸಿರಿನಿಂದ ಬಂದದ್ದು. ಇದನ್ನು ಕೆಟ್ಟ ಸಿನಿಮಾ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ನನ್ನದೊಂದು ಅನುಭವ ಹೇಳಲೇಬೇಕು. ಕೆಲವು ವರ್ಷದ ಹಿಂದೆ ಸಕಲೇಶಪುರದ ಹತ್ತಿರ ಒಂದು ತೋಟದ ಮನೆಯಲ್ಲಿ ಚಿಕ್ಕ ಬಜೆಟ್ಟಿನ ಕನ್ನಡ ಹಾರರ್ ಸಿನಿಮಾ ಮಾಡುತ್ತಿದ್ದೆವು. 11 ರಾತ್ರಿ ಶೂಟಿಂಗ್. ಒಂಬತ್ತನೆಯ ರಾತ್ರಿ ದುಡ್ಡು ಮುಗಿಯಿತು. ದೆವ್ವದ ಮೇಕಪ್ ಮಾಡಬೇಕಿದ್ದವರು ಬಾಕಿ ಕೊಡದೆ ಬರುವುದಿಲ್ಲ ಅಂದರು, ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ನಿರ್ದೇಶಕರು ಜಗಲಿಯಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದರು, ದೆವ್ವವೇ ಇಲ್ಲದೆ ದೆವ್ವದ ಸಿನಿಮಾ ಹೇಗೆ ಮುಗಿಸೋದು ಅಂತ. ಆಗ ನನಗೆ ಮ್ಯಾನ್‌ಫ್ರೆಡಿನಿ ನಿಯಮ ನೆನಪಾಯಿತು. ಅದನ್ನೇ ತಿರುಗಿಸಿದರೆ ಹೇಗೆ? ತೋಟದಲ್ಲಿ ರಾತ್ರಿಯಿಡೀ ಜೀರುಂಡೆಗಳ ಸದ್ದು. ಅದು ಎಷ್ಟು ಅಭ್ಯಾಸವಾಗುತ್ತದೆ ಅಂದರೆ ಸ್ವಲ್ಪ ಹೊತ್ತಾದ ಮೇಲೆ ಕೇಳಿಸುವುದೇ ಇಲ್ಲ. ದೆವ್ವ ಹತ್ತಿರ ಬಂದಾಗಲೆಲ್ಲ ಜೀರುಂಡೆ ಥಟ್ಟನೆ ನಿಲ್ಲಬೇಕು. ಅಷ್ಟೇ. ದೆವ್ವ ತೋರಿಸುವುದು ಬೇಡ.

ಎರಡು ರಾತ್ರಿ ಮಳೆಗೆ ಪ್ಲಾಸ್ಟಿಕ್ ಹೊದ್ದು ಕೂತು ಬರೀ ಜೀರುಂಡೆ ರೆಕಾರ್ಡ್ ಮಾಡಿದೆ. ಸಿನಿಮಾ ಎರಡು ವಾರವೂ ಓಡಲಿಲ್ಲ. ಆದರೆ ಹಾಸನದ ಒಂದು ಥಿಯೇಟರಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದಾಗ, ಮುಂದೆ ಕೂತಿದ್ದ ಒಬ್ಬ ಅಜ್ಜಿ ಮೊಮ್ಮಗನ ತೋಳು ಹಿಡಿದು 'ಏಯ್, ಹುಳ ಸುಮ್ನಾಯ್ತು ಕಣೋ, ಬಂತು ಅದು' ಅಂದರು. ಪರದೆಯ ಮೇಲೆ ಇದ್ದದ್ದು ಖಾಲಿ ಅಂಗಳ. ನನ್ನ ಕೆಲಸಕ್ಕೆ ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಸಿಕ್ಕಿಲ್ಲ. ಆ ವಿದ್ಯೆ ನನಗೆ ಬಂದದ್ದು ಆ ಸವೆದ ಕ್ಯಾಸೆಟ್ಟಿನಿಂದ.

'ಫ್ರೈಡೇ ದ ಥರ್ಟೀನ್ತ್' ಬಂದ ಮರುವರ್ಷ, 1981ರಲ್ಲಿ ಬಂದ 'ದ ಬರ್ನಿಂಗ್' ನೋಡಿ. ನ್ಯೂಯಾರ್ಕ್ ಕಡೆಯ ಶಿಬಿರಗಳಲ್ಲಿ ಬೆಂಕಿ ಸುತ್ತ ಕೂತು ಹೇಳುವ ಕ್ರಾಪ್ಸಿ ಎಂಬ ಕೊಲೆಗಾರನ ಕಥೆಯನ್ನೇ ಅವರು ಸಿನಿಮಾ ಮಾಡಿದರು. ಅದರ ತೆಪ್ಪದ ದೃಶ್ಯ ಹಾಡಹಗಲಲ್ಲಿ, ನಡು ನೀರಿನಲ್ಲಿ ನಡೆಯುತ್ತದೆ. ಕತ್ತಲೇ ಬೇಡ ಅಂತ ತೋರಿಸಿದ ದೃಶ್ಯ ಅದು. 1983ರ 'ಸ್ಲೀಪ್‌ಅವೇ ಕ್ಯಾಂಪ್'ನಲ್ಲಿ ಮುಖ್ಯ ಪಾತ್ರ ಮಾಡಿದ ಫೆಲಿಸಾ ರೋಸ್‌ಗೆ ಆಗ 13 ವರ್ಷ. ಜೊತೆಗಿದ್ದವರಲ್ಲಿ ಬಹಳಷ್ಟು ಜನ ನಿಜವಾಗಿ ಎಳೆಯ ಹುಡುಗ ಹುಡುಗಿಯರು. ಅವರು ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳುವುದು ಕೊಲೆಗಳಿಗಿಂತ ಹೆಚ್ಚು ಚುಚ್ಚುತ್ತದೆ.

ವಿರೋಧಿಸುವವರು ಹೇಳುವುದು ನನಗೆ ಗೊತ್ತಿದೆ. ಇಂಥದ್ದು ನೋಡಿದರೆ ಮಕ್ಕಳು ಕತ್ತಿ ಹಿಡಿಯುತ್ತಾರೆ ಅಂತಾರೆ. ಹಾಗಿದ್ದರೆ ಕುರುಕ್ಷೇತ್ರ ಬಯಲಾಟ ನೋಡಿದ ನಮ್ಮ ತಾತಂದಿರೆಲ್ಲ ಗದೆ ಹಿಡಿದು ತಿರುಗಬೇಕಿತ್ತಲ್ಲ. ಹೆಂಗಸರನ್ನೇ ಕೊಲ್ಲುತ್ತಾರೆ ಅಂತಲೂ ಅಂತಾರೆ. 'ಫ್ರೈಡೇ ದ ಥರ್ಟೀನ್ತ್' ಮೊದಲ ಸಿನಿಮಾದಲ್ಲಿ ಕೊಲೆಗೆ ಬಲಿಯಾಗುವವರನ್ನು ಎಣಿಸಿ: ಗಂಡಸರು ಐದು, ಹೆಂಗಸರು ನಾಲ್ಕು. ಕೊನೆಯಲ್ಲಿ ಉಳಿಯುವವಳು ಆಲಿಸ್, ಒಬ್ಬ ಹುಡುಗಿ. ಕೊಲೆಗಾರನೂ ಗಂಡಸಲ್ಲ, ಮಗನನ್ನು ಕಳೆದುಕೊಂಡ ತಾಯಿ. ಶಿಬಿರದವರು ನೋಡಿಕೊಳ್ಳದೆ ಕೆರೆಯಲ್ಲಿ ಮುಳುಗಿದ ಮಗ. ನಟಿ ಬೆಟ್ಸಿ ಪಾಮರ್ ಹೊಸ ಕಾರು ಕೊಳ್ಳಲು ದುಡ್ಡು ಬೇಕು ಅಂತ ಒಪ್ಪಿಕೊಂಡ ಪಾತ್ರ ಅದು. ಆದರೆ ಸ್ವೆಟರ್ ಹಾಕಿಕೊಂಡು, ನಗುತ್ತಾ ಬಂದು, ಮಗನ ಮಾತು ಬಂದ ತಕ್ಷಣ ಅವರ ದನಿ ಬದಲಾಗುವುದನ್ನು ಕೇಳಿ. ದನಿಯನ್ನು ಕೇಳಿ. ನಾನು ಹೇಳುವುದು ಅಷ್ಟೇ.

ವಿರೋಧ: ನೀರಿನ ಭಯ ಗೊತ್ತಿಲ್ಲದವರು

ವಿರೋಧ ಬರೆಯಿರಿ ಅಂತ ನನ್ನನ್ನು ಕೇಳಿದರು. ಪೂರ್ತಿ ವಿರೋಧ ನನ್ನಲ್ಲಿಲ್ಲ. ಬೆಟ್ಸಿ ಪಾಮರ್ ನನಗೂ ಇಷ್ಟ. ಸದ್ದಿನ ಬಗ್ಗೆ ಅವರು ಬರೆದಿರುವುದನ್ನು ಅಲ್ಲಗಳೆಯಲು ನನಗೆ ಆ ವಿದ್ಯೆ ಇಲ್ಲ. ಆದರೆ ಸದ್ದು ಚೆನ್ನಾಗಿದೆ ಅಂದರೆ ಸಿನಿಮಾ ಚೆನ್ನಾಗಿದೆ ಅಂತ ಆಗಲ್ಲ ಅಲ್ವಾ? ಪಟಾಕಿಗೂ ಒಳ್ಳೆಯ ಸದ್ದಿದೆ.

ಐದು, ನಾಲ್ಕು ಅಂತ ಎಣಿಸಿದ್ದಾರೆ. ಎಣಿಕೆ ಸರಿ. ಆದರೆ ಕ್ಯಾಮೆರಾ ಯಾರ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ನೋಡಬೇಕು. ಶಿಬಿರಕ್ಕೆ ಬಂದ ಹುಡುಗರಾದ ನೆಡ್ ಮತ್ತು ಬಿಲ್ ಸಾಯುವುದು ನಮಗೆ ಕಾಣುವುದೇ ಇಲ್ಲ, ಆಮೇಲೆ ಹೆಣ ಕಾಣುತ್ತದೆ. ಆ್ಯನಿ ಎಂಬ ಹುಡುಗಿಯನ್ನು ಮಾತ್ರ ಕಾಡಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಾರೆ, ಅವಳು ಬೇಡಿಕೊಳ್ಳುವುದನ್ನು ನಾವು ನೋಡಬೇಕು. ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ 1980ರಲ್ಲೇ ತಮ್ಮ ಟಿವಿ ಕಾರ್ಯಕ್ರಮದ ಒಂದು ಇಡೀ ಕಂತನ್ನು ಇದಕ್ಕೇ ಇಟ್ಟರು, ಹೆಂಗಸರು ಹೆದರುವುದನ್ನು ಸರಕು ಮಾಡುವ ಸಿನಿಮಾಗಳ ಬಗ್ಗೆ. 'ಸ್ಲೀಪ್‌ಅವೇ ಕ್ಯಾಂಪ್' ಕೊನೆಯ ಶಾಟ್ ಬಗ್ಗೆ ಪರ ಲೇಖನದಲ್ಲಿ ಒಂದು ಮಾತೂ ಇಲ್ಲ. ದೊಡ್ಡವರು ಬಲವಂತವಾಗಿ ಹೆಣ್ಣಾಗಿ ಬೆಳೆಸಿದ ಒಂದು ಗಂಡು ಮಗುವಿನ ಮೈಯನ್ನೇ ಅಲ್ಲಿ ಭಯಾನಕ ಅಂತ ತೋರಿಸುತ್ತಾರೆ. ಆ ಮಗು ಅನುಭವಿಸಿದ್ದು ಅವರಿಗೆ ಬೇಡ, ನಮ್ಮನ್ನು ಬೆಚ್ಚಿಬೀಳಿಸಿದರೆ ಸಾಕು. 'ಫ್ರೈಡೇ ದ ಥರ್ಟೀನ್ತ್'ನಲ್ಲಿ ಕ್ಯಾಬಿನ್ ಒಳಗೆ ಬಂದ ಹಾವನ್ನು ಕಡಿಯುವ ದೃಶ್ಯ ಇದೆ. ಅದು ನಿಜವಾದ ಹಾವು, ಕ್ಯಾಮೆರಾ ಮುಂದೆ ನಿಜವಾಗಿಯೇ ಕೊಂದರು. ಮನುಷ್ಯನ ಕುತ್ತಿಗೆಯನ್ನು ಅಷ್ಟು ಚೆಂದ ನಕಲಿ ಮಾಡಿದವರಿಗೆ ಒಂದು ರಬ್ಬರ್ ಹಾವು ಮಾಡಲು ಆಗುತ್ತಿರಲಿಲ್ಲವಾ?

ಇವು ವಾದಗಳು. ನನ್ನ ನಿಜವಾದ ಸಿಟ್ಟು ಬೇರೆ.

ನಾವು ನ್ಯೂಜೆರ್ಸಿಗೆ ಬಂದು 14 ವರ್ಷ ಆಯಿತು. ಸಿನಿಮಾದಲ್ಲಿ ಬರುವ ಬ್ಲೇರ್ಸ್‌ಟೌನ್ ಮುಖ್ಯ ರಸ್ತೆಯಲ್ಲಿ ನಾನೂ ನಡೆದಿದ್ದೇನೆ, ಅದರಲ್ಲಿ ಕಾಣುವ ಡೈನರಿನಲ್ಲಿ, ಅಂದರೆ ಚಿಕ್ಕ ಹೋಟೆಲಿನಲ್ಲಿ, ಕಾಫಿ ಕುಡಿದಿದ್ದೇನೆ. ಎರಡು ವರ್ಷದ ಹಿಂದೆ ಮಗಳು ಮೊದಲ ಸಲ ಮನೆ ಬಿಟ್ಟು ಶಿಬಿರಕ್ಕೆ ಹೋಗುವಾಗ ಅವಳಿಗೆ ಹತ್ತು ವರ್ಷ. ಎರಡು ವಾರ, ಫೋನ್ ಇಲ್ಲ, ಕಾಗದ ಮಾತ್ರ. ಆಫೀಸಿನಲ್ಲಿ ಹೇಳಿದ ತಕ್ಷಣ ಒಬ್ಬರು 'ಕಿ ಕಿ ಕಿ, ಮ ಮ ಮ' ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ. ಊರಿನಲ್ಲಿ ಅಮ್ಮನಿಗೆ ಫೋನ್ ಮಾಡಿದರೆ, 'ಅಷ್ಟು ಚಿಕ್ಕ ಮಗೂನ ಕಾಡಿಗೆ ಯಾಕೆ ಕಳಿಸ್ತೀಯೆ' ಅಂತ ಅವರದೂ ಅದೇ ಪಾಠ.

ನಾಲ್ಕನೆಯ ದಿನ ಅವಳಿಗೆ ಜ್ವರ ಬಂತು. ನರ್ಸ್ ಫೋನ್ ಮಾಡಿ, ಗಾಬರಿ ಬೇಡ, ಔಷಧಿ ಕೊಟ್ಟಿದ್ದೇವೆ ಅಂದರು. ಆ ರಾತ್ರಿ ಅವಳ ಪಕ್ಕದಲ್ಲಿ ಕೂತಿದ್ದು ಅವಳ ಕ್ಯಾಬಿನ್ನಿನ ಮಕ್ಕಳನ್ನು ನೋಡಿಕೊಳ್ಳುವ ಕೌನ್ಸೆಲರ್, 19 ವರ್ಷದ ಕಾಲೇಜು ಹುಡುಗಿ. ಮಗಳು ಅಮ್ಮ ಬೇಕು ಅಂತ ಅತ್ತಳಂತೆ. ಆ ಹುಡುಗಿ ಅವಳಿಂದ 'ಅಮ್ಮ' ಅನ್ನುವ ಪದ ಕಲಿತು, ಆಮೇಲೆ ಅಜ್ಜಿ, ತಾತ, ಬೆಕ್ಕು, ಮಳೆ ಅಂತ ಒಂದೊಂದೇ ಕನ್ನಡ ಪದ ಕೇಳಿ ಕೇಳಿ ಬರೆದುಕೊಳ್ಳುತ್ತಾ ಬೆಳಗಿನ ತನಕ ಕೂತಿದ್ದಳಂತೆ. ಆ ಹಾಳೆ ಈಗಲೂ ನಮ್ಮ ಫ್ರಿಜ್ ಮೇಲೆ ಇದೆ.

ಈ ಸಿನಿಮಾಗಳಲ್ಲಿ ಆ ವಯಸ್ಸಿನ ಕೌನ್ಸೆಲರ್‌ಗಳು ಏನು ಮಾಡುತ್ತಾರೆ? ಕುಡಿಯುತ್ತಾರೆ, ಹಾಸಿಗೆಗೆ ಹೋಗುತ್ತಾರೆ, ಸಾಯುತ್ತಾರೆ. ಅವರ ಮೈಮರೆವಿನಿಂದ ಒಂದು ಮಗು ಮುಳುಗಿತು ಅಂತ ಕಥೆ ಕಟ್ಟಿ, ಸಿನಿಮಾ ಪೂರ್ತಿ ಅದಕ್ಕೆ ಸೇಡು. ಸರಿ, ಆ ತಾಯಿಯ ದುಃಖವನ್ನಾದರೂ ಕಾಪಾಡಿಕೊಂಡರಾ? ಅದೂ ಇಲ್ಲ. 1981ರ ಎರಡನೆಯ ಭಾಗದಲ್ಲಿ ಮುಳುಗಿದ ಮಗನೇ ಬದುಕಿ ಬಂದು ಕೊಲ್ಲಲು ಶುರು ಮಾಡಿದ. 1982ರಲ್ಲಿ ಅವನಿಗೆ ಹಾಕಿ ಆಟದ ಮುಖವಾಡ ತೊಡಿಸಿದರು. ಹಾಗಾದರೆ ಮೊದಲ ಸಿನಿಮಾದಲ್ಲಿ ಆ ತಾಯಿ ಅತ್ತದ್ದು ಯಾರಿಗಾಗಿ?

ಮಗಳ ಶಿಬಿರದಲ್ಲಿ ಪೋಷಕರು ಬರುವ ದಿನ ನಾನು ಕೆರೆ ದಂಡೆಯಲ್ಲಿ ನಿಂತು ನೋಡಿದೆ. ನೀರಿಗಿಳಿಯುವ ಪ್ರತಿ ಮಗುವಿಗೂ ಒಂದು ಜೊತೆ ಇರಬೇಕು, ಪ್ರತಿ ಜೋಡಿಗೂ ಒಂದು ನಂಬರ್. ಹತ್ತು ನಿಮಿಷಕ್ಕೊಮ್ಮೆ ಸೀಟಿ. ಸೀಟಿ ಕೇಳಿದ ತಕ್ಷಣ ಎಲ್ಲರೂ ಇದ್ದಲ್ಲೇ ನಿಂತು, ಜೊತೆಗಾರರ ಕೈ ಹಿಡಿದು ಮೇಲೆತ್ತಬೇಕು. ದಂಡೆಯಿಂದ ಒಬ್ಬ ಹುಡುಗ ಎಣಿಸುತ್ತಿದ್ದ. ಎಣಿಕೆ ಸರಿಹೋಗುವ ತನಕ ಯಾರೂ ಈಜುವ ಹಾಗಿಲ್ಲ. ಒಂದು ಸಲ ಎಣಿಕೆ ತಪ್ಪಿತು. ಅವನು ಮತ್ತೆ ಮೊದಲಿನಿಂದ ಎಣಿಸಿದ. ಅಷ್ಟು ಹೊತ್ತೂ ದಂಡೆಯಲ್ಲಿದ್ದ ನಾವು ಯಾರೂ ಮಾತಾಡಲಿಲ್ಲ. ನನ್ನ ಮಗಳದು 11ನೆಯ ಜೋಡಿ. ಕೊರೆಯುವ ನೀರಿನಲ್ಲಿ ಎದೆ ಮಟ್ಟ ನಿಂತು, ಕೈ ನೋಯುತ್ತಿದ್ದರೂ ಕೆಳಗಿಳಿಸದೆ, ಅವನು ಅವರ ನಂಬರ್ ಕೂಗುವುದನ್ನೇ ಕಾಯುತ್ತಿದ್ದಳು.