ಆನೆ ಬಂದರೆ ಫಾರೆಸ್ಟ್‌ನವರು ಬೇಕು, ಮಗ ಮಾತ್ರ ಫಾರೆಸ್ಟ್ರಿ ಓದಬಾರದು

ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆಂದು ನಮ್ಮ ಕೊಡಗಿನ ಕಾಲೇಜೊಂದರಲ್ಲಿ ಇವತ್ತು ‘ಮುಂದೇನು?’ ಎಂಬ ಮಾರ್ಗದರ್ಶನ ಕಾರ್ಯಕ್ರಮ. ನೀಟ್ ಆಯಿತು, ಜೆಇಇ ಆಯಿತು, ಸಿಎ ಆಯಿತು, ಹೋಟೆಲ್ ಮ್ಯಾನೇಜ್‌ಮೆಂಟ್ ಆಯಿತು, ಅನಿಮೇಷನ್‌ಗೂ ಒಂದು ಸ್ಲೈಡ್ ಇತ್ತು. ಅರಣ್ಯಶಾಸ್ತ್ರದ ಬಗ್ಗೆ ಒಂದು ಸಾಲೂ ಇಲ್ಲ. 1995ರಿಂದ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇರುವ ಜಿಲ್ಲೆ ಸ್ವಾಮಿ ಇದು! ಟೀ ಕುಡಿಯುವಾಗ ಮಕ್ಕಳನ್ನು ಕರೆತಂದ ಅಪ್ಪಂದಿರ ಮಾತೇನು? ಯಾರ ತೋಟಕ್ಕೆ ಆನೆ ನುಗ್ಗಿತು, ಎಷ್ಟು ಕಾಫಿ ಗಿಡ ಮುರಿಯಿತು, ಫಾರೆಸ್ಟ್‌ನವರು ಎಷ್ಟು ತಡವಾಗಿ ಬಂದರು, ಬಂದವರು ಪಟಾಕಿ ಹೊಡೆದು ಪಕ್ಕದ ತೋಟಕ್ಕೆ ಅಟ್ಟಿ ಹೋದರು.

ಕೊಡಗಿನಲ್ಲಿ ಕಾಡಿನ ಬಗ್ಗೆ ಅಭಿಪ್ರಾಯ ಇಲ್ಲದ ಮನೆ ಇಲ್ಲ. ಕಾಡನ್ನು ಓದುವ ಮಗ ಅಥವಾ ಮಗಳಿರುವ ಮನೆ ಹುಡುಕಿ ನೋಡಿ. ಮಕ್ಕಳನ್ನು ಮಿಲಿಟರಿಗೆ ಕಳಿಸಲು ಒಂದು ಕ್ಷಣ ಯೋಚಿಸದವರು ನಾವು. ಅದೇ ಹುಡುಗ ‘ಫಾರೆಸ್ಟ್ರಿ ತಗೊಳ್ತೀನಿ’ ಅಂದರೆ, ಮೆಡಿಕಲ್ ಸಿಗಲಿಲ್ಲವಾ ಪಾಪ ಎನ್ನುವ ಮುಖ ಮಾಡುತ್ತೇವೆ. ನಾಗರಹೊಳೆಯನ್ನು ಕಟ್ಟಿದವರಲ್ಲಿ ಒಬ್ಬರಾದ ರೇಂಜರ್ ಕೆ.ಎಂ. ಚಿಣ್ಣಪ್ಪ ಇದೇ ಮಣ್ಣಿನವರು. 2024ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ಸ್ಟೇಟಸ್ ಹಾಕಿದವರಿಗೆ ಲೆಕ್ಕವಿಲ್ಲ. ಸ್ಟೇಟಸ್ ಹಾಕಿದವರು ತಮ್ಮ ಮಕ್ಕಳಿಗೆ ಆ ದಾರಿ ತೋರಿಸಿದರಾ? ಕೇಳಬೇಡಿ, ನನಗೆ ಬಿಪಿ ಏರುತ್ತದೆ.

ದಾರಿ ಮುಚ್ಚುವುದು ಪದವಿಯ ಹೊತ್ತಿಗಲ್ಲ, ಮೊದಲ ಪಿಯುಸಿ ಸೇರುವ ದಿನವೇ. ಬಿಎಸ್ಸಿ (ಆನರ್ಸ್) ಫಾರೆಸ್ಟ್ರಿಗೆ ಜೀವಶಾಸ್ತ್ರ ಇರಲೇಬೇಕು. ‘ಕಂಪ್ಯೂಟರ್ ಸೈನ್ಸ್ ಇದ್ದರೆ ಸ್ಕೋಪ್ ಜಾಸ್ತಿ’ ಎಂದು ಯಾರೋ ಹೇಳಿದರೆಂದು ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್) ತೆಗೆದುಕೊಂಡ ಮಗುವಿಗೆ ಎರಡು ವರ್ಷ ಕಳೆದ ಮೇಲೆ ಆಸೆ ಹುಟ್ಟಿದರೂ ಬಾಗಿಲು ಹಾಕಿರುತ್ತದೆ. ಕಂಪ್ಯೂಟರ್ ಬದಲು ಜೀವಶಾಸ್ತ್ರ ಇರುವ ಪಿಸಿಎಂಬಿ ತೆಗೆದುಕೊಂಡವರಿಗೆ ಎಂಜಿನಿಯರಿಂಗೂ ಉಳಿಯುತ್ತದೆ, ಫಾರೆಸ್ಟ್ರಿಯೂ ಉಳಿಯುತ್ತದೆ, ವೆಟರ್ನರಿಯೂ ಉಳಿಯುತ್ತದೆ. ಇವತ್ತಿನ ಎರಡು ಗಂಟೆಯಲ್ಲಿ ಈ ಒಂದು ಮಾತು ಹೇಳಿದ್ದರೂ ಸಾಕಿತ್ತು.

ಮುಂದಿನದು ಸಿಇಟಿ. ನಾಲ್ಕು ವರ್ಷದ ಕೋರ್ಸ್, ರಾಜ್ಯದಲ್ಲಿ ಇದಕ್ಕೆ ಹೆಸರಾದ ಸರ್ಕಾರಿ ಕಾಲೇಜುಗಳು ಪೊನ್ನಂಪೇಟೆ ಮತ್ತು ಶಿರಸಿಯವು. ಪೊನ್ನಂಪೇಟೆಯದು ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ: ಬೀಜ, ಗೊಬ್ಬರ, ಸಲಕರಣೆ ಗುರುತಿಸಬೇಕು. ರೋಬಸ್ಟಾ, ಅರೇಬಿಕಾ ಎಲೆ ನೋಡಿಯೇ ಹೇಳುವ ನಮ್ಮ ಮಕ್ಕಳು ನವಣೆ ಯಾವುದು, ಸಾಮೆ ಯಾವುದು ಅಂದರೆ ಕಣ್ಣು ಕಣ್ಣು ಬಿಡುತ್ತವೆ. ಸಂತೆಯಲ್ಲಿ ಎರಡು ಸುತ್ತು ಹಾಕಿಸಿ, ಕಲಿಯುತ್ತವೆ.

ದೊಡ್ಡ ತೊಡಕು ಕಾಗದಪತ್ರದ್ದು. ಜಮ್ಮಾ ಜಾಗದ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು) ಆರ್‌ಟಿಸಿಯಲ್ಲಿ ಮನೆತನದ ಹಿರಿಯರಾದ ಪಟ್ಟೇದಾರರ ಹೆಸರಿರುತ್ತದೆ, ಮಗುವಿನ ಅಪ್ಪನ ಹೆಸರು ಎಷ್ಟೋ ಸಲ ಇರುವುದೇ ಇಲ್ಲ. ತೋಟ ಮಾಡಿಯೇ ಬದುಕುವ ಮನೆಯ ಮಗು ತಾನು ಕೃಷಿಕರ ಮಗು ಎಂದು ತೋರಿಸಲು ವಂಶವೃಕ್ಷ ಹಿಡಿದು ನಾಡಕಚೇರಿ ಸುತ್ತಬೇಕು. ಫಲಿತಾಂಶ ಬಂದ ಮೇಲೆ ಈ ಓಡಾಟ ಶುರು ಮಾಡಿದರೆ ಕೋಟಾ ಕೈತಪ್ಪಿದಂತೆಯೇ. ಎರಡನೇ ಪಿಯುಸಿಯ ದಸರಾ ರಜೆಯಲ್ಲೇ ಕೃಷಿಕ ಪ್ರಮಾಣಪತ್ರಕ್ಕೆ ಬೇಕಾದದ್ದನ್ನೆಲ್ಲ ಜೋಡಿಸಿ ಇಟ್ಟುಕೊಳ್ಳಿ.

ಇನ್ನು ‘ಕಾಡಿನಲ್ಲಿ ಓದಲು ಏನಿದೆ?’ ಎನ್ನುವ ಪಂಡಿತರ ವಿಷಯ. ನಿಮ್ಮ ಜೇಬಿನಿಂದಲೇ ಶುರು ಮಾಡೋಣ. ಮರದ ವ್ಯಾಪಾರಿ ನಿಮ್ಮ ತೋಟದ ದಿಮ್ಮಿಗೆ ಟೇಪು ಸುತ್ತಿ ಲೆಕ್ಕ ಹಾಕುವುದು ಹೇಗೆ? ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾನೆ. 6 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಅವನ ಲೆಕ್ಕದಲ್ಲಿ 22.5 ಘನ ಅಡಿ. ಅದೇ ದಿಮ್ಮಿಯ ನಿಜವಾದ ಗಾತ್ರ ಸುಮಾರು 28.6 ಘನ ಅಡಿ. ವ್ಯಾಪಾರಿ ಕದ್ದ ಎಂದಲ್ಲ, ಅದು ಎಲ್ಲ ಕಡೆ ಇರುವ ರೂಢಿ, ಕುಯ್ಯುವಾಗ ಹೋಗುವ ಹೊರಪಟ್ಟಿಯನ್ನು ಬಿಟ್ಟು ಮಾಡುವ ಲೆಕ್ಕ. ಆದರೆ ಟೇಪನ್ನು ದಿಮ್ಮಿಯ ನಡುವೆ ಸುತ್ತದೆ ತುದಿಯ ಕಡೆ ಸುತ್ತಿದರೆ ಮತ್ತಷ್ಟು ಹೋಗುತ್ತದೆ. ಅದನ್ನು ಹಿಡಿಯಲು ಲೆಕ್ಕ ಗೊತ್ತಿರಬೇಕಲ್ಲ? ಅರಣ್ಯಮಾಪನ ಎಂಬ ಪಾಠದ ಶುರುವಿನಲ್ಲೇ ಇದು ಬರುತ್ತದೆ. ನಿಂತ ಮರದ ದಪ್ಪವನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ, ಇಳಿಜಾರಿನಲ್ಲಿ ಮೇಲ್ಭಾಗದಲ್ಲಿ ನಿಂತು. ನಮ್ಮ ಬೆಟ್ಟದ ತೋಟಗಳಲ್ಲಿ ಕೆಳಗೆ ನಿಂತು ಅಳೆದರೆ ಬುಡದ ದಪ್ಪವೂ ಸೇರಿ ಲೆಕ್ಕ ಕೆಡುತ್ತದೆ.

ಸೋಲಾರ್ ಬೇಲಿ ತೆಗೆದುಕೊಳ್ಳಿ. ‘ಹಾಕಿದ್ದೇ ವೇಸ್ಟ್, ಆನೆ ದಾಟ್ತದೆ’ ಎನ್ನುವುದು ಎಲ್ಲರ ಬಾಯಲ್ಲಿದೆ. ಬೇಲಿಯಲ್ಲಿ ಹರಿಯುವುದು ನಿರಂತರ ಕರೆಂಟಲ್ಲ, ಸುಮಾರು ಸೆಕೆಂಡಿಗೊಂದು ಹೊಡೆತ. ಜೂನ್ ಮಳೆಗೆ ಚಿಗುರಿದ ಹುಲ್ಲು, ಮರ ಕಪಾತು ಮಾಡುವಾಗ ಬಿದ್ದ ರೆಂಬೆ ತಂತಿಗೆ ತಾಗಿದರೆ ಆ ಹೊಡೆತ ನೆಲಕ್ಕೆ ಇಳಿದು ಹೋಗುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರಿಲ್ಲ, ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ನೋಡುವವರಿಲ್ಲ. ಆನೆಗೆ ಇದೆಲ್ಲ ಗೊತ್ತು. ದಂತಕ್ಕೆ ಕರೆಂಟ್ ಹೊಡೆಯುವುದಿಲ್ಲವೆಂದು ಕಲಿತ ಸಲಗ ದಂತದಿಂದಲೇ ತಂತಿ ಎತ್ತುತ್ತದೆ, ಇಲ್ಲವೇ ಮರ ತಳ್ಳಿ ಬೇಲಿ ಮೇಲೆ ಕೆಡವುತ್ತದೆ. ಕಂದಕದ ಕಥೆಯೂ ಇಷ್ಟೇ: ಮೂರು ಮೀಟರ್ ಅಗಲ, ಮೂರು ಮೀಟರ್ ಆಳ ತೋಡಿದರೂ ನಮ್ಮ ಮಳೆಗೆ ಅಂಚು ಕುಸಿಯುತ್ತದೆ, ಉಳಿದ ಮಣ್ಣನ್ನು ಆನೆ ಕಾಲಿನಲ್ಲಿ ಕೆಡವಿ ಇಳಿಜಾರು ಮಾಡಿಕೊಳ್ಳುತ್ತದೆ. ಎಲ್ಲಿ ಕಂದಕ, ಎಲ್ಲಿ ರೈಲ್ವೆ ಹಳಿಯ ತಡೆಗೋಡೆ, ಎಲ್ಲಿ ಏನೂ ಬೇಡ ದಾರಿ ಬಿಟ್ಟುಬಿಡಿ ಎಂದು ಹೇಳಲು ಮಣ್ಣು, ನೀರು, ಆನೆ ಮೂರನ್ನೂ ಓದಿದವರು ಬೇಕು. ಅಂಥವರು ನಮ್ಮೂರಿನವರೇ ಆದರೆ ತೋಟದವರ ಸಂಕಟವೂ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾಡಿಗೆ ಹಬ್ಬಿದ ಲಂಟಾನ ಎಂಬ ಕಳೆ ತೆಗೆಯುವ ಕೆಲಸವನ್ನೂ ನೋಡಿ. ಕತ್ತಿಯಿಂದ ಸವರಿ ಫೋಟೊ ಹಾಕುವವರೇ ಹೆಚ್ಚು. ಸವರಿದ ಬುಡದಿಂದ ಮುಂದಿನ ಮಳೆಗೆ ಎರಡರಷ್ಟು ಚಿಗುರುತ್ತದೆ. ಮಣ್ಣಿನಿಂದ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರು ಕಡಿದು, ಗಿಡವನ್ನು ಎತ್ತಿ ಬೇರು ಮೇಲಾಗುವಂತೆ ಇಡಬೇಕು, ಅದೂ ಹಣ್ಣಾಗುವ ಮೊದಲೇ. ಆಮೇಲೆ ಆ ಜಾಗದಲ್ಲಿ ಹುಲ್ಲು ಬರುವಂತೆ ನೋಡಿಕೊಳ್ಳದಿದ್ದರೆ ಹಕ್ಕಿಗಳು ಮತ್ತೆ ಬೀಜ ತಂದು ಹಾಕುತ್ತವೆ.

ಪ್ರಾಣಿಗಳ ಕಡೆ ಒಲವಿರುವ ಮಕ್ಕಳಿಗೆ ಪಶುವೈದ್ಯ ಪದವಿ (ಬಿವಿಎಸ್ಸಿ) ದೊಡ್ಡ ದಾರಿ. ಹಾಸನದಲ್ಲೂ ಶಿವಮೊಗ್ಗದಲ್ಲೂ ಕಾಲೇಜಿದೆ. ಆನೆಗೆ ಅರಿವಳಿಕೆ ಕೊಡುವುದು ಎಂದರೆ ಬಂದೂಕು ಎತ್ತಿ ಹೊಡೆಯುವುದಷ್ಟೇ ಎಂದುಕೊಂಡವರು ಕೇಳಿ. ಔಷಧ ಎಷ್ಟೆಂದು ತಿಳಿಯಲು ತೂಕ ಅಂದಾಜಿಸಬೇಕು, ತೂಕಕ್ಕೆ ಎತ್ತರ ಬೇಕು. ಕೆಸರಿನಲ್ಲಿ ಮೂಡಿದ ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಎಂದರೆ ಹೆಚ್ಚುಕಡಿಮೆ ಭುಜದ ಎತ್ತರ. ಮದ್ದು ತಾಗಿದ ಆನೆ ಎದೆ ಊರಿ ಕುಸಿದರೆ ಅದರ ಭಾರಕ್ಕೆ ಅದರದೇ ಉಸಿರು ಕಟ್ಟುತ್ತದೆ, ಕೂಡಲೇ ಪಕ್ಕಕ್ಕೆ ಮಲಗಿಸಬೇಕು. ಕೆರೆ ಪಕ್ಕ, ಇಳಿಜಾರಿನಲ್ಲಿ ಹೊಡೆಯಲೇಬಾರದು. ದುಬಾರೆ, ಮತ್ತಿಗೋಡು ಶಿಬಿರಗಳ ಮಾವುತರಿಗೆ, ಕಾವಾಡಿಗಳಿಗೆ ಗೊತ್ತಿರುವಷ್ಟು ಆನೆಯ ಮನಸ್ಸು ಯಾವ ಡಾಕ್ಟರಿಗೂ ಗೊತ್ತಿಲ್ಲ ನಿಜ. ಹಾಡಿಯ ಜೇನುಕುರುಬರ ಹುಡುಗನೊಬ್ಬ ಆ ಅರಿವಿನ ಜೊತೆಗೆ ಬಿವಿಎಸ್ಸಿಯನ್ನೂ ಮಾಡಿಕೊಂಡರೆ ಹೇಗಿರುತ್ತದೆ? ಮಾರ್ಗದರ್ಶನದ ವ್ಯಾನು ಹಾಡಿಗೂ ಹೋಗಬೇಕೆಂದು ಯಾರಿಗಾದರೂ ಹೊಳೆದಿದೆಯಾ?

ಸಂಶೋಧನೆ ಬೇಕೆಂದವರಿಗೆ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ವನ್ಯಜೀವಿ ಸ್ನಾತಕೋತ್ತರ ಕೋರ್ಸ್, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗ ಇವೆ. ಎನ್‌ಸಿಬಿಎಸ್‌ಗೆ ಎಂಜಿನಿಯರಿಂಗ್ ಮಾಡಿದವರೂ ಸೇರಿದ್ದಾರೆ. ಸಂಖ್ಯಾಶಾಸ್ತ್ರ ಬಾರದಿದ್ದರೆ ಅಲ್ಲಿ ಕಷ್ಟ, ಹುಲಿ ಎಣಿಕೆ ಅಂದರೆ ಅರ್ಧ ಸಂಖ್ಯಾಶಾಸ್ತ್ರವೇ. ಹುಲಿಯ ಎಡಬಲದ ಪಟ್ಟೆಗಳು ಬೇರೆ ಬೇರೆ, ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುವುದು. ಈ ವಿಧಾನವನ್ನು ಹುಲಿಯ ಮೇಲೆ ಮೊದಲು ಪ್ರಯೋಗಿಸಿದ ಕಾಡು ಯಾವುದು ಗೊತ್ತಾ? ನಮ್ಮ ನಾಗರಹೊಳೆ, 1990ರ ದಶಕದಲ್ಲಿ.

ಈಗ ಬರುತ್ತದೆ ಎಲ್ಲರ ಬ್ರಹ್ಮಾಸ್ತ್ರ: ‘ಕೆಲಸ ಎಲ್ಲಿದೆ?’ ಒಪ್ಪಿದೆ, ಸರ್ಕಾರಿ ನೇಮಕಾತಿ ವರ್ಷ ವರ್ಷ ಬರುವುದಿಲ್ಲ, ಬಂದದ್ದು ಕೋರ್ಟಿಗೆ ಹೋಗಿ ನಿಲ್ಲುವುದೂ ಇದೆ. ಆದರೆ ಇದೇ ಮಾತನ್ನು ಎಂಜಿನಿಯರಿಂಗ್ ಬಗ್ಗೆ ಯಾಕೆ ಕೇಳುವುದಿಲ್ಲ ನೀವು? ಗಸ್ತು ಅರಣ್ಯ ಪಾಲಕ ಹುದ್ದೆಗೆ ಪಿಯುಸಿ ಸಾಕು, 2023ರ ಕೊನೆಯಲ್ಲಿ 540 ಹುದ್ದೆಗೆ ಅರ್ಜಿ ಕರೆದಿದ್ದರು. ಓಟ, ಉದ್ದಜಿಗಿತ, ಎತ್ತರಜಿಗಿತ, ಗುಂಡೆಸೆತ ಎಲ್ಲ ಇದೆ. ಹಾಕಿ ಆಡಿ ಬೆಳೆದ ಮಕ್ಕಳಿಗೆ ಇದೊಂದು ಕಷ್ಟವಾ? ಮೇಲಿನ ಹಂತದ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ನೇರ ನೇಮಕಾತಿಯಲ್ಲಿ ಫಾರೆಸ್ಟ್ರಿ ಪದವೀಧರರಿಗೇ ಒಂದು ಪಾಲು ಮೀಸಲು.

ಐಎಫ್‌ಎಸ್‌ಗೆ, ಅಂದರೆ ಭಾರತೀಯ ಅರಣ್ಯ ಸೇವೆಗೆ, ಯುಪಿಎಸ್‌ಸಿ ಪರೀಕ್ಷೆ. ಪ್ರಿಲಿಮ್ಸ್ ಐಎಎಸ್‌ಗೂ ಇದಕ್ಕೂ ಒಂದೇ, ಆದರೆ ಅರ್ಜಿಯಲ್ಲಿ ಅರಣ್ಯ ಸೇವೆಯನ್ನು ಆರಿಸದಿದ್ದರೆ ಪಾಸಾದರೂ ಪ್ರಯೋಜನವಿಲ್ಲ. ಮೇನ್ಸ್ ಇಂಗ್ಲಿಷಿನಲ್ಲೇ ಬರೆಯಬೇಕು, ಕನ್ನಡ ಮಾಧ್ಯಮದವರು ಮೊದಲ ವರ್ಷದಿಂದಲೇ ಅಭ್ಯಾಸ ಶುರು ಮಾಡಲಿ. ಐಚ್ಛಿಕ ವಿಷಯ ಎರಡು, ಕೃಷಿ ಮತ್ತು ಅರಣ್ಯಶಾಸ್ತ್ರವನ್ನು ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಕೊನೆಗೆ ನಾಲ್ಕು ಗಂಟೆಯ ನಡಿಗೆ ಪರೀಕ್ಷೆ: ಗಂಡಸರಿಗೆ 25 ಕಿಲೋಮೀಟರ್, ಹೆಂಗಸರಿಗೆ 14.

ಇಲಾಖೆಯೇ ಬೇಡ ಅನ್ನುವವರಿಗೂ ಕೆಲಸವಿದೆ. ಬ್ಯಾಂಕಿನ ಕೃಷಿ ಅಧಿಕಾರಿ ಪರೀಕ್ಷೆಗೆ ಫಾರೆಸ್ಟ್ರಿ ಪದವಿ ನಡೆಯುತ್ತದೆ. ಪ್ಲೈವುಡ್, ಕಾಗದ ಕಾರ್ಖಾನೆಗಳ ನೆಡುತೋಪು ವಿಭಾಗಗಳಿವೆ. ನಮ್ಮ ಕಾಫಿಯನ್ನೇ ನೋಡಿ: ಯುರೋಪಿನ ಹೊಸ ಅರಣ್ಯನಾಶ ನಿಯಮದ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. 4 ಹೆಕ್ಟೇರ್ ಮೀರಿದ ತೋಟಕ್ಕೆ ಪೂರ್ತಿ ಗಡಿರೇಖೆಯ ನಕ್ಷೆ ಕೊಡಬೇಕು. ಜಾರಿ ಮುಂದೆ ಮುಂದೆ ಹೋಗುತ್ತಿರಬಹುದು, ನಕ್ಷೆಯ ಕೆಲಸ ತಪ್ಪುವುದಿಲ್ಲ. ಆ ಜಿಪಿಎಸ್, ಉಪಗ್ರಹ ಚಿತ್ರದ ಕೆಲಸ ಫಾರೆಸ್ಟ್ರಿ ಓದುವವರ ಪಾಠದಲ್ಲೇ ಇದೆ. ಬೇರೆ ಊರಿನಿಂದ ಯಾರೋ ಬಂದು ನಮ್ಮ ತೋಟದ ನಕ್ಷೆ ಮಾಡಿ ಬಿಲ್ಲು ಕೊಡುವಾಗ ಅದಕ್ಕೂ ಬೈಯ್ಯುತ್ತೀರಿ, ಗೊತ್ತು ನನಗೆ.

‘ಹೆಣ್ಣುಮಕ್ಕಳಿಗೆ ಕಾಡಿನ ಕೆಲಸ ಆಗುತ್ತಾ?’ ಎಂದು ಇವತ್ತೂ ಒಬ್ಬರು ಕೇಳಿದರು. 1980ರಿಂದ ಐಎಫ್‌ಎಸ್‌ನಲ್ಲಿ ಹೆಣ್ಣುಮಕ್ಕಳಿದ್ದಾರೆ ಮಾರಾಯ್ರೆ. ಇದಕ್ಕಿಂತ ಹೆಚ್ಚು ಬರೆದರೆ ನನ್ನ ನಾಲಿಗೆ ಹಿಡಿತ ತಪ್ಪುತ್ತದೆ.

ಆ ಕಾಲೇಜಿನವರಿಗೆ ನನ್ನ ಬೇಡಿಕೆ ಒಂದೇ: ಮುಂದಿನ ಸಲ ಪೊನ್ನಂಪೇಟೆಯ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕರೆಸಿ, ಸ್ಲೈಡ್ ಬೇಡ, ಅರ್ಧ ಗಂಟೆ ಮಾತಾಡಲು ಬಿಡಿ. ಈ ವರ್ಷ ಪಿಯುಸಿ ಸೇರಿಸುವ ಅಪ್ಪ-ಅಮ್ಮಂದಿರು ಅರ್ಜಿಯಲ್ಲಿ ‘ಬಿ’ ಇರುವ ಕಾಂಬಿನೇಷನ್‌ಗೆ ಗುರುತು ಹಾಕಿದ್ದೀರಾ ಎಂದು ಇವತ್ತೇ ನೋಡಿಕೊಳ್ಳಿ. ದಾಖಲಾತಿ ಮುಗಿಯುವ ಮೊದಲು ಬದಲಾಯಿಸಲು ಇನ್ನೂ ಸಮಯವಿದೆ.