ಚೆಂದವೇನೋ ಸರಿ, ಜುಲೈ ತಿಂಗಳಲ್ಲಿ?

ಹಳೆ ಅಡಿಕೆ ಗೋದಾಮನ್ನು ನಾಟಕ, ಸಂಗೀತ, ಚಿತ್ರಪ್ರದರ್ಶನದ ಜಾಗ ಮಾಡುವಾಗ ಶೌಚಾಲಯಕ್ಕೆ ಕಪ್ಪು ಹೊಳಪಿನ ಟೈಲ್ಸ್, ತಾಮ್ರದ ಬೇಸಿನ್, ಎಲ್ಲರಿಗೂ ಒಂದೇ ಕೈತೊಳೆಯುವ ಅಂಗಳ ಅಂತ ನಿಮ್ಮ ವಿನ್ಯಾಸದಲ್ಲಿ ಬರೆದಿದ್ದೀರಿ. ಅಂಗಳ ಒಳ್ಳೇದೇ. ವಿರಾಮದಲ್ಲಿ ನಾಟಕದ ಅರ್ಧ ವಿಮರ್ಶೆ ನಡೆಯೋದೇ ಅಲ್ಲಿ.

ಆದರೆ ಮಲೆನಾಡಿನ ಮಳೆಗಾಲ ನಿಮ್ಮ ಲೆಕ್ಕದಲ್ಲಿಲ್ಲ. ಒದ್ದೆ ಚಪ್ಪಲಿ, ತೊಟ್ಟಿಕ್ಕುವ ಕೊಡೆ ಹಿಡಿದು ಬಂದವರು ಆ ಟೈಲ್ಸ್ ಮೇಲೆ ಜಾರದೇ ಇರ್ತಾರಾ? ನೆಲಕ್ಕೆ ತರಿ ಮೈಯ ಗ್ರಾನೈಟ್ ಹಾಕಿ. ರೆಡ್ ಆಕ್ಸೈಡ್ ಬೇಕೇ ಬೇಕು ಅಂದರೆ ಗೋಡೆಗೆ ಮಾಡಿಸಿ, ನೆಲದಲ್ಲಿ ಒದ್ದೆಯಾದರೆ ಅದೂ ಜಾರುತ್ತೆ. ತಾಮ್ರ ನಮ್ಮ ತೇವದ ಹವೆಗೆ ಬೇಗ ಕಪ್ಪಾಗುತ್ತೆ, ದಿನಾ ಹುಣಸೆಹಣ್ಣು ಹಾಕಿ ತಿಕ್ಕುವವರು ಯಾರು? ಪ್ಲೈವುಡ್ ಬಾಗಿಲು ಉಬ್ಬಿ ಚಿಲಕವೇ ಕೂರೋದಿಲ್ಲ. ಎಕ್ಸಾಸ್ಟ್ ಫ್ಯಾನೊಂದನ್ನೇ ನಂಬಬೇಡಿ, ಕರೆಂಟ್ ಇದ್ದರೆ ತಾನೇ! ಮಾಡಿನ ಕೆಳಗೆ ಎದುರುಬದುರು ಮಣ್ಣಿನ ಜಾಲಂಧ್ರ ಬಿಟ್ಟರೆ ಗಾಳಿಯಾಡಿ ಬೂಷ್ಟು ಕಡಿಮೆ, ನೋಡಲಿಕ್ಕೂ ಲಕ್ಷಣ.

ಇನ್ನೊಂದು, ಯಕ್ಷಗಾನದವರು ಬಣ್ಣ ತೆಗೆಯೋದು ಕೊಬ್ಬರಿ ಎಣ್ಣೆ ಹಚ್ಚಿ. ಎಣ್ಣೆ, ಬಣ್ಣ ಎರಡೂ ಸೇರಿ ಪೈಪ್ ಕಟ್ಟಿಕೊಳ್ಳುತ್ತೆ. ಕಲಾವಿದರಿಗೆ ಬೇರೆ ತೊಟ್ಟಿ, ಅದರ ಕೆಳಗೆ ಎಣ್ಣೆ ತಡೆಯುವ ಚೇಂಬರ್ ಇರಲಿ. ಕನ್ನಡಿಗೆ ದೀಪ ಮೇಲಿಂದಲ್ಲ, ಎರಡೂ ಪಕ್ಕದಿಂದ. ಇಲ್ಲದಿದ್ದರೆ ಕಣ್ಣ ಕೆಳಗೆ ನೆರಳು ಬಿದ್ದು ಬಣ್ಣ ಸರಿ ಕಾಣಲ್ಲ.

ಹೆಂಗಸರ ಕಡೆ ಹೆಚ್ಚು ಕೋಣೆ ಕೊಟ್ಟಿದ್ದೀರಿ, ಸಂತೋಷ. ಆದರೆ ಒಳಗೆ ಬ್ಯಾಗ್ ತೂಗುಹಾಕಲು ಒಂದು ಕೊಕ್ಕೆ, ಮುಚ್ಚಳವಿರುವ ಕಸದ ಬುಟ್ಟಿಗೆ ಜಾಗ ನಕ್ಷೆಯಲ್ಲಿ ಎಲ್ಲೂ ಕಾಣಲಿಲ್ಲವಲ್ಲ?