ಗೆದ್ದ ಮೇಲಿನ ತಾಪತ್ರಯ

ಚೆಸ್ ಟೂರ್ನಿಯಲ್ಲಿ ಸೋಲುವುದು ಸಲೀಸು. ಕೈಕುಲುಕಿ, ಸಹಿ ಹಾಕಿ, ಹೊರಗೆ ಬಂದು ಚಹಾ ಕುಡಿದರೆ ಮುಗಿಯಿತು. ನನ್ನಂಥ 1480 ರೇಟಿಂಗಿನವನು (ರೇಟಿಂಗ್ ಅಂದರೆ ಆಟಗಾರನ ಬಲ ಅಳೆಯುವ ಅಂಕಿ) 1880ರವನನ್ನು ಸೋಲಿಸಿದರೆ ಆಗುವ ಫಜೀತಿ ಮಾತ್ರ ಯಾರಿಗೂ ಬೇಡ.

ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಆಟ. ಎದುರಿಗಿದ್ದ ಹುಡುಗನ ಕಾಲು ಇನ್ನೂ ನೆಲ ಮುಟ್ಟುತ್ತಿರಲಿಲ್ಲ. ಈ ರೇಟಿಂಗ್ ಲೆಕ್ಕದ ವಿಧಾನ ಕೊಟ್ಟವರು ಅರ್ಪಾದ್ ಇಲೊ ಎಂಬ ಭೌತಶಾಸ್ತ್ರದ ಪ್ರೊಫೆಸರ್. ಅವರ ಪ್ರಕಾರ 400ರ ಅಂತರವಿದ್ದರೆ, ನೂರು ಆಟದಲ್ಲಿ ನನ್ನ ಪಾಲಿಗೆ ಎಂಟೋ ಒಂಬತ್ತೋ ಪಾಯಿಂಟ್. ಹುಡುಗನಿಗೂ ಇದು ಗೊತ್ತಿತ್ತು. ಒಂದು ನಡೆ ಇಡುವುದು, ಎದ್ದು ಹೋಗಿ ಗೆಳೆಯರ ಬೋರ್ಡ್ ನೋಡುವುದು. ನಾನು ಹತ್ತು ನಿಮಿಷ ಯೋಚಿಸಿ ಕಾಯಿ ಸರಿಸಿದರೆ, ಅವನು ನಿಂತಲ್ಲೇ ಉತ್ತರ ಕೊಟ್ಟು ಮತ್ತೆ ಮಾಯ.

ಹಾಗೆ ಒಮ್ಮೆ ಬಂದವನು, ಹಿಂದಿನ ಸಾಲು ಕಾಯುತ್ತಿದ್ದ ಆನೆಯನ್ನೇ ಎತ್ತಿ ನನ್ನ ಪ್ಯಾದೆ ಹೊಡೆದ. ಅವನ ರಾಜನ ಮುಂದೆ ಮೂರು ಪ್ಯಾದೆ, ಒಂದೂ ಅಲುಗಾಡಿಲ್ಲ. ನನ್ನ ಆನೆ ಸೀದಾ ಎಂಟನೇ ಸಾಲಿಗೆ ಹೋಯಿತು. ರಾಜನಿಗೆ ಓಡಲು ದಾರಿಯಿಲ್ಲ, ಚೆಕ್‌ಮೇಟ್. ಹುಡುಗ ವಾಪಸ್ ಬಂದ, ನಿಂತು ನೋಡಿದ. ಆಮೇಲೆ, ಅವತ್ತು ಮೊದಲ ಸಲ, ಸರಿಯಾಗಿ ಕೂತ.

ಆರ್ಬಿಟರ್, ಅಂದರೆ ತೀರ್ಪುಗಾರರು, ಫಲಿತಾಂಶದ ಚೀಟಿ ನೋಡಿ, "ಸರ್, ಬಿಳಿ ನಿಮ್ದಲ್ಲೇನ್ರಿ? 1–0 ಅಂದ್ರ ಬಿಳಿ ಗೆದ್ದಂಗ, ಉಲ್ಟಾ ಬರದೀರಿ ನೋಡ್ರಿ" ಅಂದರು. ಹುಡುಗನೇ, "ಇಲ್ರೀ ಸರ್, ಅಂಕಲ್ ಗೆದ್ದಾರ" ಎಂದು ಸಾಕ್ಷಿ ಹೇಳಬೇಕಾಯಿತು.

ಹೊರಗೆ ಅವನ ತಾಯಿ ಕಾಯುತ್ತಿದ್ದರು. "ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣಾರ, ಇವ ಎಲ್ಲಾರ್ನೂ ಹಿಂಗ ಸೋಲಸ್ತಾನ" ಎಂದು ನನ್ನ ಕೈಗೊಂದು ಧಾರವಾಡ ಪೇಢೆ ಇಟ್ಟರು. ನಾನು ಅದನ್ನು ಬಾಯಿಗೆ ಹಾಕಿಕೊಂಡ ಮೇಲೆ ಹುಡುಗ ವಿಷಯ ಹೇಳಿದ. ಅವರ ಮುಖ ನೋಡಬೇಕಿತ್ತು! "ನೀವು ಭಾಳ ಹೊತ್ತು ವಿಚಾರ ಮಾಡ್ತೀರಂತ್ರಿ, ಹುಡುಗಗ ಬ್ಯಾಸರ ಬಂದಿರಬೇಕು" ಅಂದರು. ಅವರ ಸಂಕಟಕ್ಕೂ ಕಾರಣವಿತ್ತು. ಹದಿನೆಂಟರ ಒಳಗಿನ ಮಕ್ಕಳಿಗೆ ರೇಟಿಂಗಿನ ಏರಿಳಿತ ಡಬಲ್. ನನಗೆ ಬಂದದ್ದು ಸುಮಾರು 18, ಅವನಿಂದ ಹೋದದ್ದು ಸುಮಾರು 37.

ಸ್ವಿಸ್ ಪದ್ಧತಿಯಲ್ಲಿ ಗೆದ್ದವರಿಗೆ ಗೆದ್ದವರೇ ಗಂಟು ಬೀಳುತ್ತಾರೆ. ಮುಂದಿನ ಸುತ್ತಿಗೆ ನನ್ನನ್ನು ಮುಂದಿನ ಸಾಲಿಗೆ ಕರೆದು 2050ರವರ ಎದುರು ಕೂರಿಸಿದರು. ಆ ಪುಣ್ಯಾತ್ಮರು ಎದ್ದು ತಿರುಗಾಡಲೇ ಇಲ್ಲ. ಊಟದ ಹೊತ್ತಿಗೆ ಮುಂಚೆಯೇ ನಾನು ಹೊರಗಿದ್ದೆ.

ಆ ತಾಯಿ ದೂರದಿಂದಲೇ ಕೇಳಿದರು: "ಏನಾತ್ರಿ?"

"ಸೋತೆ ನೋಡ್ರಿ."

"ಹೌದಾ? ಬರ್ರಿ, ಬರ್ರಿ" ಎಂದು ಡಬ್ಬಿಯ ಮುಚ್ಚಳ ತೆಗೆದರು.